ಬೆನ್ನಿಗೆ ನಿಲ್ಲುವುದು, ಬೆನ್ನು ಹತ್ತುವುದು

(ಶಾಲೆಯ ಸುವರ್ಣ ಮಹೋತ್ಸವದ ಎರಡನೇ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯ ಎಂಟನೇ ತಂಡದವಳು. ಆಗ ಇಲ್ಲಿ ಇದ್ದದ್ದು ಹೆಂಚಿನ ಮೂರು ಕೋಣೆ. ಮಳೆ ಬಂದರೆ ಎಂಟನೇ ತರಗತಿಯವರೂ ಒಂಬತ್ತನೇ ತರಗತಿಯವರೂ ಒಂದೇ ಕೋಣೆ ಸೇರುತ್ತಿದ್ದೆವು. ಒಂದು ಗೋಡೆಯ ಕಡೆ ಸಮಾಜ ಪಾಠ, ಇನ್ನೊಂದು ಗೋಡೆಯ ಕಡೆ ಗಣಿತ. ಹಾಗಾಗಿ ನನಗೆ ಒಂಬತ್ತನೇ ತರಗತಿಯ ಗಣಿತ ಎರಡು ಸಲ ಆಯಿತು, ಆದರೂ ಬರಲಿಲ್ಲ. ಅದು ಕೋಣೆಯ ತಪ್ಪೂ ಅಲ್ಲ, ಮೇಷ್ಟ್ರ ತಪ್ಪೂ ಅಲ್ಲ.

ಸಮಿತಿಯವರು ನನಗೆ ಕೊಟ್ಟ ವಿಷಯ 'ಕಾಲೇಜು ಓದುವ ಮಕ್ಕಳ ಉನ್ನತ ಶಿಕ್ಷಣದಲ್ಲಿ ಕುಟುಂಬದ ಪಾತ್ರ'. ಮೂವತ್ತು ವರ್ಷದಿಂದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠ ಮಾಡುತ್ತಿದ್ದೇನೆ. ಹಾಗಾಗಿ ಈ ವಿಷಯವನ್ನು ಎರಡೂ ಕಡೆಯಿಂದ ನೋಡಿದ್ದೇನೆ. ಒಂದು ಕಡೆ ಮಗಳಾಗಿ, ತಂಗಿಯಾಗಿ. ಇನ್ನೊಂದು ಕಡೆ ಮೇಷ್ಟರಾಗಿ. ಪುಸ್ತಕದಲ್ಲಿರುವ ವಿಚಾರ ನೀವೂ ಓದಬಹುದು. ನಾನು ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಒಂದು ಮಾತು ಮೊದಲು. ಮಗು ಈ ಹೈಸ್ಕೂಲಿನಲ್ಲಿ ಇರುವವರೆಗೆ ತಂದೆತಾಯಿಗೆ ಇಲ್ಲಿ ಒಂದು ಜಾಗ ಇದೆ. ಎಸ್‌ಡಿಎಂಸಿ ಇದೆ, ಪೋಷಕರ ಸಭೆ ಇದೆ, ಮೇಷ್ಟ್ರು ದಾರಿಯಲ್ಲಿ ಸಿಕ್ಕಾಗ 'ನಿಮ್ಮ ಹುಡುಗ ಹೋಂವರ್ಕ್ ಮಾಡ್ತಿಲ್ಲ ನೋಡಪ್ಪ' ಎನ್ನುತ್ತಾರೆ. ಹತ್ತನೇ ತರಗತಿ ಮುಗಿಯಿತು ಅನ್ನಿ, ಆ ತಂದೆತಾಯಿ ಎಲ್ಲಿಗೆ ಹೋಗುತ್ತಾರೋ ಗೊತ್ತಾಗುವುದಿಲ್ಲ. ನಾವು ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಪೋಷಕರ ಸಭೆ ಕರೆಯುತ್ತೇವೆ. ನೂರಾರು ಮಕ್ಕಳಿರುವ ಕಾಲೇಜಿಗೆ ಬರುವ ಪೋಷಕರು ಬೆರಳೆಣಿಕೆಯಷ್ಟು. ಬಂದವರೂ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿರುತ್ತಾರೆ. 'ಒಳಗೆ ಬನ್ನಿ, ಕುರ್ಚಿ ಮೇಲೆ ಕೂತ್ಕೊಳ್ಳಿ' ಎಂದರೆ, 'ಇರ್ಲಿ ಬುಡಿ ಮೇಡಂ, ನಾವೇನ್ ಓದಿದ್ದೀವಾ, ನಮಗೇನ್ ತಿಳೀತದೆ' ಎನ್ನುತ್ತಾರೆ.

ಆ ಮಾತು ತಪ್ಪು ಎಂದು ಹೇಳುವುದಕ್ಕೇ ನಾನು ಇಲ್ಲಿ ನಿಂತಿದ್ದೇನೆ. ನನ್ನ ಅಪ್ಪ ಹೆಬ್ಬೆಟ್ಟು. ಅವ್ವನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಆದರೂ ನನ್ನ ಎಂ.ಎ. ಪದವಿಯಲ್ಲಿ ಅವರ ಪಾಲು ಎಷ್ಟು ಎಂದು ಲೆಕ್ಕ ಹಾಕಲು ಕೂತರೆ ನನ್ನ ಪಾಲಿಗೆ ಹೆಚ್ಚು ಉಳಿಯುವುದಿಲ್ಲ.

ನಮ್ಮದು ರೇಷ್ಮೆ ಸಾಕುವ ಮನೆ. ನಿಮಗೆಲ್ಲ ಗೊತ್ತಿರುವುದೇ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಸೊಪ್ಪು ತರಬೇಕು, ಹಾಕಬೇಕು, ಹಿಕ್ಕೆ ತೆಗೆಯಬೇಕು, ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡಬೇಕು. ಒಂದು ಕೈ ಕಡಿಮೆಯಾದರೂ ಬೆಳೆ ಕೈ ಬಿಡುತ್ತದೆ. ನನ್ನ ಪಿಯುಸಿ ಪರೀಕ್ಷೆ ಸರಿಯಾಗಿ ಆ ಹೊತ್ತಿಗೇ ಬಂತು. ನಾನು ಸೊಪ್ಪಿನ ಕುಕ್ಕೆ ಎತ್ತಲು ಹೋದರೆ ಅವ್ವ ಕಿತ್ತುಕೊಂಡು, 'ನೀನು ಓದ್ಕೋ ಹೋಗು, ಈ ಹುಳಕ್ಕೆ ನಾನ್ ಸಾಕು' ಎಂದಳು. ಆ ಹತ್ತು ದಿನ ಅವ್ವ ಮಲಗಿದ್ದನ್ನು ನಾನು ನೋಡಲಿಲ್ಲ. ಮನೆಯವರು ಓದಿನಲ್ಲಿ ಸಹಾಯ ಮಾಡುವುದು ಎಂದರೆ ಪಾಠ ಹೇಳಿಕೊಡುವುದು ಎಂದು ನಾವು ತಿಳಿದಿದ್ದೇವೆ. ಅವ್ವ ಕೊಟ್ಟದ್ದು ಹೊತ್ತು. ಹಳ್ಳಿಯ ಮಗುವಿಗೆ ಎಲ್ಲಕ್ಕಿಂತ ದುಬಾರಿ ಆದದ್ದು ಅದೇ.

ನಾನು ಕಾಲೇಜಿಗೆ ಹೋಗುವುದು ಸುಲಭವಾಗಿ ತೀರ್ಮಾನವಾಗಲಿಲ್ಲ. ಆಗಿನ ನಮ್ಮ ಹೆಡ್‌ಮೇಷ್ಟ್ರು ಸೈಕಲ್ಲಿನಲ್ಲಿ ಮನೆಗೆ ಬಂದು ಜಗಲಿ ಮೇಲೆ ಕೂತರು. ಅಪ್ಪ, 'ಓದ್ಸಕ್ಕೆ ನಮಗೆ ಅಡ್ಡಿ ಇಲ್ಲ ಮೇಷ್ಟ್ರೇ, ಆದ್ರೆ ಊರು ಏನಂತದೆ?' ಎಂದ. ಮೇಷ್ಟ್ರು, 'ಊರು ಎರಡು ದಿನ ಅನ್ನುತ್ತೆ ಕಣಪ್ಪ. ಓದು ಬಿಡಿಸಿದ್ರೆ ನಿನ್ನ ಮಗಳು ಬದುಕಿರೋ ತನಕ ಅನ್ಕೋತಾಳೆ' ಎಂದರು. ಅಪ್ಪ ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಸುಮ್ಮನಿದ್ದ. ಆಮೇಲೆ 'ಫೀಸು ಯಾವತ್ತು ಕಟ್ಬೇಕು?' ಎಂದ. ಅಷ್ಟೇ. ಆ ಫೀಸು ಬಂದದ್ದು ಅವ್ವನ ಎರಡು ಹಸುವಿನ ಹಾಲಿನ ಬಟವಾಡೆಯಿಂದ.

ಮೊದಲ ಸಲ ಪಿಯುಸಿಯಲ್ಲಿ ನಾನು ಇಂಗ್ಲಿಷಿನಲ್ಲಿ ಫೇಲಾದೆ. ಈಗ ಇಂಗ್ಲಿಷಿನಲ್ಲಿ ಫೇಲಾಗುವ ಮಕ್ಕಳಿಗೆ ಸಮಾಧಾನ ಹೇಳುವಾಗ ಇದನ್ನು ಹೇಳುತ್ತೇನೆ, ಆಗ ಯಾರಿಗೂ ಮುಖ ತೋರಿಸಲಾಗಲಿಲ್ಲ. ಹಟ್ಟಿಯ ಹಿಂದೆ ಕೂತು ಅಳುತ್ತಿದ್ದೆ. ಚಿಕ್ಕಪ್ಪ ಬಂದು 'ಹೇಳಿರ್ಲಿಲ್ವಾ, ಹೆಣ್ಣುಮಗಳಿಗೆ ಯಾಕೆ' ಎಂದು ಶುರು ಮಾಡಿದ. ಅಪ್ಪ ಅವನ ಕಡೆ ತಿರುಗದೇ, 'ದನ ಒಂದ್ಸಲ ಎಡವ್ತು ಅಂತ ಸಂತೆಗೆ ಹೊಡೀತೀವಾ?' ಎಂದ. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿದೆ, ಪಾಸಾದೆ. ಆ ಒಂದು ಮಾತು ಅಪ್ಪ ಅವತ್ತು ಬೇರೆ ಥರ ಆಡಿದ್ದರೆ ನಾನು ಇವತ್ತು ಈ ಮೈಕಿನ ಮುಂದೆ ಇರುತ್ತಿರಲಿಲ್ಲ.

ಇದು ಹಳೆಯ ಕಾಲದ ಕತೆ, ಈಗ ಎಲ್ಲರೂ ಓದಿಸುತ್ತಾರೆ ಎಂದು ನಿಮಗೆ ಅನಿಸಬಹುದು. ಸ್ವಲ್ಪ ಲೆಕ್ಕ ನೋಡೋಣ. ಕೇಂದ್ರ ಸರ್ಕಾರದ 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 18ರಿಂದ 23 ವರ್ಷದವರಲ್ಲಿ ಉನ್ನತ ಶಿಕ್ಷಣಕ್ಕೆ ಸೇರಿದವರ ಪ್ರಮಾಣ ದೇಶದಲ್ಲಿ ಶೇ 28.4. ಕರ್ನಾಟಕದಲ್ಲಿ ಶೇ 36.2. ನಾವು ದೇಶಕ್ಕಿಂತ ಮುಂದಿದ್ದೇವೆ, ಸಂತೋಷ. ಆದರೆ ಅದನ್ನೇ ತಿರುಗಿಸಿ ಓದಿ. ಆ ವಯಸ್ಸಿನ ಮೂವರಲ್ಲಿ ಸುಮಾರು ಇಬ್ಬರು ನಮ್ಮ ರಾಜ್ಯದಲ್ಲೂ ಕಾಲೇಜಿನ ಹೊರಗೇ ಇದ್ದಾರೆ. ಸೇರಿದವರೆಲ್ಲ ಮುಗಿಸುತ್ತಾರೆ ಎಂದೂ ಇಲ್ಲ. ಮೊದಲ ಸೆಮಿಸ್ಟರಿನಲ್ಲಿ ತುಂಬಿದ್ದ ಬೆಂಚು ಕೊನೆಯ ಸೆಮಿಸ್ಟರಿಗೆ ಖಾಲಿ ಕಾಣುತ್ತದೆ. ಯಾಕೆ ಬಿಟ್ಟೆ ಎಂದು ವಿಚಾರಿಸುತ್ತಾ ಹೋದರೆ 'ಬುದ್ಧಿ ಸಾಲದು' ಎಂಬ ಕಾರಣ ಬಹಳ ಕಡಿಮೆ. ಸ್ಕಾಲರ್‌ಶಿಪ್ ಬರಲಿಲ್ಲ, ಅಪ್ಪನಿಗೆ ಹುಷಾರಿಲ್ಲ, ಮದುವೆ ಗೊತ್ತಾಯಿತು, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, 'ಮನೇಲಿ ಬೇಡ ಅಂದ್ರು'. ಈ ಕಾರಣಗಳೆಲ್ಲ ಮನೆಯ ಬಾಗಿಲಲ್ಲೇ ಹುಟ್ಟುತ್ತವೆ. ಅಲ್ಲೇ ಪರಿಹಾರ ಸಿಗುವಂಥವೂ ಇವೆ.

ಈಗ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಯಾರ ಹೆಸರನ್ನೂ ಹೇಳುವುದಿಲ್ಲ.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಎರಡನೇ ವರ್ಷದ ಬಿ.ಕಾಂ. ಹುಡುಗಿ. ಜಾಣೆ. ಮಧ್ಯಾಹ್ನದ ಮೇಲೆ ತರಗತಿಗೆ ಬರುತ್ತಿರಲಿಲ್ಲ. ಶೇ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ನಿಯಮ ನಿಮಗೆ ಗೊತ್ತು. ನಾನು ಬಹಳ ಕಾಳಜಿಯಿಂದ ಅವಳ ತಂದೆಗೆ ಫೋನು ಮಾಡಿದೆ. 'ನಿಮ್ಮ ಮಗಳು ಮಧ್ಯಾಹ್ನ ಕಾಲೇಜಿನಲ್ಲಿ ಇರೋದಿಲ್ಲ, ಸ್ವಲ್ಪ ಗಮನ ಕೊಡಿ' ಎಂದೆ. ಮನೆಯವರನ್ನು ಓದಿನಲ್ಲಿ ಸೇರಿಸಿಕೊಂಡೆ ಎಂದು ನನಗೆ ನನ್ನ ಬಗ್ಗೆಯೇ ಹೆಮ್ಮೆ.

ಮಾರನೆಯ ದಿನದಿಂದ ಹುಡುಗಿ ಬರಲಿಲ್ಲ. ಒಂದು ವಾರ ನೋಡಿದೆ. ಅವಳ ಗೆಳತಿಯನ್ನು ಕೇಳಿದಾಗ ಅಸಲು ವಿಷಯ ಗೊತ್ತಾಯಿತು. ಆ ವರ್ಷ ಅವಳ ಸ್ಕಾಲರ್‌ಶಿಪ್ ಬಂದಿರಲಿಲ್ಲ. ಅಪ್ಪನನ್ನು ಕೇಳಿದರೆ ಸಾಲ ಮಾಡುತ್ತಾನೆ ಎಂದು, ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಮಧ್ಯಾಹ್ನದಿಂದ ಸಂಜೆವರೆಗೆ ಕೆಲಸಕ್ಕೆ ನಿಂತಿದ್ದಳು. ಪರೀಕ್ಷೆ ಫೀಸು ಹೊಂದಿಸಿಕೊಳ್ಳಲು. ನಾನು ಅವಳ ಊರಿಗೆ ಹೋದೆ. ತಂದೆ ಒಳ್ಳೆಯ ಮನುಷ್ಯ, ಎದ್ದು ನಿಂತು ಮಾತಾಡಿಸಿದರು, ಮಜ್ಜಿಗೆ ಕೊಟ್ಟರು. ನಾನು ವಿಷಯ ವಿವರಿಸಿದೆ. ಅವರು, 'ಇರಬಹುದು ಮೇಡಂ. ಆದ್ರೆ ಕಾಲೇಜಲ್ಲಿ ಇರಲ್ಲ ಅಂತ ನೀವೇ ಹೇಳಿದ್ರಲ್ಲ. ಊರಲ್ಲಿ ಆಗಲೇ ನಾಲ್ಕು ಜನಕ್ಕೆ ಗೊತ್ತಾಗೋಯ್ತು. ಈಗ ಗಂಡು ನೋಡಿದ್ದೀವಿ' ಎಂದರು. ಹುಡುಗಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ.

ಕೆಲವು ತಿಂಗಳ ಹಿಂದೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಅವಳೇ ಬಂದು ಮಾತಾಡಿಸಿದಳು. ಮಗಳು ಎಂಟನೇ ತರಗತಿಯಂತೆ. 'ನನ್ನ ಮಗಳ ಅಟೆಂಡೆನ್ಸ್ ಮಾತ್ರ ಕರೆಕ್ಟಾಗಿದೆ ಮೇಡಂ' ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅವತ್ತಿನಿಂದ ನಾನು ಒಂದು ವ್ಯತ್ಯಾಸ ಕಲಿತಿದ್ದೇನೆ. ನಮ್ಮ ಮಾತಿನಲ್ಲೇ ಅದು ಇದೆ. ಬೆನ್ನಿಗೆ ನಿಲ್ಲುವುದು ಬೇರೆ, ಬೆನ್ನು ಹತ್ತುವುದು ಬೇರೆ. ಬೆನ್ನಿಗೆ ನಿಂತವನು ಮಗು ಹಿಂದಕ್ಕೆ ಬಿದ್ದರೆ ಹಿಡಿಯುತ್ತಾನೆ. ಬೆನ್ನು ಹತ್ತಿದವನು ಮಗು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ನೋಡುತ್ತಾನೆ. ಎರಡನ್ನೂ ಮಾಡುವವರು ಮನೆಯವರೇ, ಎರಡನ್ನೂ ಪ್ರೀತಿಯಿಂದಲೇ ಮಾಡುತ್ತಾರೆ. ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತದೆ. ಮಗುವಿಗೆ ಮಾತ್ರ ಗೊತ್ತಾಗುತ್ತದೆ. ಈಗ ನಾನು ಯಾರ ಮನೆಗೆ ಫೋನು ಮಾಡುವ ಮುಂಚೆಯೂ ಮೊದಲು ಆ ವಿದ್ಯಾರ್ಥಿಯನ್ನೇ ಕೂರಿಸಿಕೊಂಡು ಕೇಳುತ್ತೇನೆ. ಮನೆಗೆ ಹೇಳುವುದಿದ್ದರೆ ಅವರ ಎದುರಿಗೇ ಹೇಳುತ್ತೇನೆ. ತಂದೆ ಒಬ್ಬರ ಜೊತೆ ಮಾತ್ರ ಮಾತಾಡದೇ ತಾಯಿಯ ಜೊತೆಗೂ ಮಾತಾಡುತ್ತೇನೆ.

ತಂದೆತಾಯಿಯರೇ, ಹಾಗಾದರೆ ಬೆನ್ನಿಗೆ ನಿಲ್ಲುವುದು ಹೇಗೆ? ನಾನು ಕಂಡಂತೆ ಕೆಲವು ಕೆಲಸಗಳನ್ನು ಹೇಳುತ್ತೇನೆ. ಯಾವುದಕ್ಕೂ ನೀವು ಓದಿರಬೇಕಾಗಿಲ್ಲ.

ಮೊದಲನೆಯದು ಕಾಗದ ಪತ್ರ. ಇದು ಸಣ್ಣ ವಿಷಯ ಅನಿಸಬಹುದು. ಆದರೆ ನಮ್ಮ ಕಾಲೇಜಿನ ಕಚೇರಿ ಮುಂದೆ ಅಳುತ್ತಾ ನಿಲ್ಲುವ ಮಕ್ಕಳಲ್ಲಿ ಬಹಳ ಜನ ಇದಕ್ಕೇ ಅಳುತ್ತಾರೆ. ಈಗ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಅರ್ಜಿ ಹೆಚ್ಚಾಗಿ ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ. ಅದಕ್ಕೆ ಆಧಾರ್ ಬೇಕು, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು, ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಹೆಸರು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ನಮ್ಮ ಕಡೆ ಮಗಳ ಹೆಸರಿನ ಮುಂದೆ 'ಅಮ್ಮ' ಸೇರಿಸುವುದು, ಬಿಡುವುದು, ತಂದೆಯ ಹೆಸರಿಗೆ ಒಂದು ಕಡೆ 'ಗೌಡ', ಇನ್ನೊಂದು ಕಡೆ 'ಪ್ಪ' ಇರುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಮಗು ಒಂಬತ್ತನೇ ತರಗತಿಗೆ ಬಂದಾಗಲೇ ಇವನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬಂದು ಇಲ್ಲಿನ ಮೇಷ್ಟರ ಮುಂದೆ ಸುರಿಯಿರಿ. ಹತ್ತನೇ ತರಗತಿಯ ಅಂಕಪಟ್ಟಿ ಅಚ್ಚಾಗುವ ಮೊದಲು ಸರಿಪಡಿಸುವುದು ಸುಲಭ, ಆಮೇಲೆ ಕಷ್ಟ.

ಇನ್ನೊಂದು ಕಾಗದ ಇದೆ. ನಮ್ಮ ಶಾಲೆಯ ಮಕ್ಕಳಿಗೆ ಅದು ಬಂಗಾರ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಸಿಇಟಿ ಮೂಲಕ ಹಂಚುವ ವೃತ್ತಿಶಿಕ್ಷಣದ ಸೀಟುಗಳಲ್ಲಿ ಶೇ 15 ಮೀಸಲಾತಿ ಇದೆ. ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಇದೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ, ಬಿಇಒ ಸಹಿ ಆಗಬೇಕು. ಕನ್ನಡ ಶಾಲೆಗೆ ಹಾಕಿ ಮಗುವಿನ ಭವಿಷ್ಯ ಹಾಳು ಮಾಡಿದೆವೋ ಏನೋ ಎಂದು ಕೊರಗುವ ತಂದೆತಾಯಿಯರನ್ನು ನೋಡಿದ್ದೇನೆ. ಕೊರಗಬೇಡಿ. ಆ ಪ್ರಮಾಣಪತ್ರ ಮಾಡಿಸಿಡಿ.

ಎರಡನೆಯದು ಹಣ. ಮಗು ಯಾವ ಕೋರ್ಸು ಸೇರುತ್ತದೆಯೋ ಅದರ ಮೂರು ವರ್ಷದ ಖರ್ಚು ಎಷ್ಟು ಎಂದು ಸೇರುವ ಮುಂಚೆಯೇ ಕೂತು ಲೆಕ್ಕ ಹಾಕಿ. ಫೀಸು ಮಾತ್ರ ಅಲ್ಲ, ಬಸ್ಸು, ಊಟ, ಪುಸ್ತಕ, ರೂಮು ಎಲ್ಲ. ಸರ್ಕಾರಿ ಹಾಸ್ಟೆಲುಗಳಿವೆ. ಹಾಸ್ಟೆಲು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ ವಸತಿಗೆಂದು ವಿದ್ಯಾಸಿರಿ ಯೋಜನೆ ಇದೆ. ಸಾಲ ಮಾಡಲೇಬೇಕಾದರೆ ಬಡ್ಡಿಗೆ ಕೊಡುವವರ ಹತ್ತಿರ ಹೋಗುವ ಮೊದಲು ಬ್ಯಾಂಕಿಗೆ ಹೋಗಿ. ಶಿಕ್ಷಣ ಸಾಲದಲ್ಲಿ ಮಗುವಿನ ಜೊತೆ ತಂದೆ ಅಥವಾ ತಾಯಿಯೂ ಸಹಿ ಹಾಕಬೇಕು. ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷದ ಮೇಲೆ ಕಂತು ಶುರುವಾಗುತ್ತದೆ, ಆದರೆ ಬಡ್ಡಿ ಅಲ್ಲಿಯವರೆಗೆ ಸುಮ್ಮನಿರುವುದಿಲ್ಲ, ಬೆಳೆಯುತ್ತಿರುತ್ತದೆ. ಸಹಿ ಹಾಕುವ ಮುಂಚೆ ಇದನ್ನು ಕೇಳಿ ತಿಳಿದುಕೊಳ್ಳಿ.

ಹಣದ ವಿಷಯದಲ್ಲಿ ಇನ್ನೂ ಒಂದು ಮಾತು. ಕಷ್ಟವನ್ನು ಮಕ್ಕಳಿಂದ ಮುಚ್ಚಿಡಬೇಡಿ. ಆದರೆ ಅದನ್ನೇ ಚಾಟಿಯೂ ಮಾಡಿಕೊಳ್ಳಬೇಡಿ. 'ನಿನಗೋಸ್ಕರ ಹೊಲ ಅಡ ಇಟ್ಟೆ' ಎಂದು ಒಂದು ಸಲ ಹೇಳಿದರೆ ಮಗು ಜವಾಬ್ದಾರಿ ಕಲಿಯುತ್ತದೆ. ದಿನಾ ಹೇಳಿದರೆ ಮಗು ನಿಮಗೆ ಸುಳ್ಳು ಹೇಳಲು ಕಲಿಯುತ್ತದೆ. ಆ ಜೆರಾಕ್ಸ್ ಅಂಗಡಿಯ ಹುಡುಗಿ ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದು ಈಗಲೂ ಯೋಚಿಸುತ್ತೇನೆ.

ಮೂರನೆಯದು ಹೊತ್ತು. ಕಾಲೇಜಿನ ಪರೀಕ್ಷೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಮಗುವಿನ ಕೈಯಲ್ಲೇ ಗುರುತು ಹಾಕಿಸಿ. ಹಬ್ಬ, ಜಾತ್ರೆ, ನೆಂಟರ ಮನೆಯ ಮದುವೆ, ಕಟಾವು ಎಲ್ಲ ಅದೇ ಕ್ಯಾಲೆಂಡರಿನಲ್ಲಿ ಇರುತ್ತವೆ. ಯಾವುದು ಯಾವುದಕ್ಕೆ ಅಡ್ಡ ಬರುತ್ತದೆ ಎಂದು ಆಗ ಕಾಣುತ್ತದೆ.

ನಾಲ್ಕನೆಯದು ಸೋಲು. ಇಲ್ಲಿ ಕನ್ನಡದಲ್ಲಿ ಓದಿ ತೊಂಬತ್ತು ತೆಗೆದ ಮಗು ಅಲ್ಲಿ ಇಂಗ್ಲಿಷಿನ ವಿಜ್ಞಾನ ಪಾಠದ ಮುಂದೆ ಕೂತಾಗ ಮೊದಲ ಆರು ತಿಂಗಳು ಕಿವುಡನ ಹಾಗೆ ಕೂತಿರುತ್ತದೆ. ಅಂಕ ಬೀಳುತ್ತದೆ. ಅದು ಸೋಮಾರಿತನ ಎಂದುಕೊಳ್ಳಬೇಡಿ. ಪಕ್ಕದ ಮನೆಯ ಮಗನ ಅಂಕವನ್ನು ಆ ಸಮಯದಲ್ಲಿ ಹೇಳಬೇಡಿ. ಮಗು ಊಟ ಬಿಟ್ಟರೆ, ರಾತ್ರಿ ನಿದ್ದೆ ಮಾಡದಿದ್ದರೆ, ಯಾರ ಜೊತೆಗೂ ಮಾತಾಡದಿದ್ದರೆ ಪಕ್ಕದಲ್ಲಿ ಕೂತು ಕೇಳಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರಿಂದ ಇದೆ, ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ಫೋನು ಮಾಡಿದರೆ ಮರ್ಯಾದೆ ಹೋಗುವುದಿಲ್ಲ.

ಐದನೆಯದು ಹೆಣ್ಣುಮಕ್ಕಳು. ನಾನು ಓದುವಾಗ ಇದ್ದದ್ದು ಬೆಳಿಗ್ಗೆ ಒಂದು ಬಸ್ಸು. ಬಸ್ ಚಾರ್ಜು ಎರಡು ರೂಪಾಯಿ ಮಿಕ್ಕಿದರೆ ಅಪ್ಪನಿಗೆ ಭಾರ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲ. ಅಂದರೆ ಬಸ್ ಚಾರ್ಜಿನ ನೆಪ ಮುಗಿಯಿತು. ಇನ್ನು ಉಳಿದಿರುವುದು ನಮ್ಮ ಮನಸ್ಸು. ಹದಿನೆಂಟು ತುಂಬಿದ ತಕ್ಷಣ ಮದುವೆ ಮಾಡಬಹುದು ಎಂದು ಕಾನೂನು ಹೇಳುತ್ತದೆ. ಮಾಡಲೇಬೇಕು ಎಂದು ಹೇಳುವುದಿಲ್ಲ. ಒಳ್ಳೆಯ ಸಂಬಂಧ ಬಂತು, ಬಿಟ್ಟರೆ ಸಿಗುವುದಿಲ್ಲ ಎನ್ನುತ್ತೀರಿ. ಮೂರನೇ ವರ್ಷದ ಪರೀಕ್ಷೆ ಮುಗಿಯುವವರೆಗೆ ಕಾಯದ ಸಂಬಂಧ ಮುಂದೆ ನಿಮ್ಮ ಮಗಳಿಗೋಸ್ಕರ ಯಾವುದಕ್ಕೆ ಕಾಯುತ್ತದೆ, ನೀವೇ ಯೋಚಿಸಿ. ಮಗನಿಗೆ ರಾತ್ರಿ ಎಂಟಕ್ಕೆ ಬಂದರೂ ಕೇಳದ ಪ್ರಶ್ನೆಯನ್ನು ಮಗಳಿಗೆ ಆರಕ್ಕೇ ಕೇಳುತ್ತೇವೆ. ಕೇಳಿ, ಬೇಡ ಎನ್ನುವುದಿಲ್ಲ. ಇಬ್ಬರನ್ನೂ ಕೇಳಿ.

ಆರನೆಯದು, ಕಾಲೇಜಿಗೆ ಬನ್ನಿ. ಚಪ್ಪಲಿ ಹಾಕಿಕೊಂಡೇ ಒಳಗೆ ಬನ್ನಿ, ಕುರ್ಚಿಯ ಮೇಲೆ ಕೂತುಕೊಳ್ಳಿ. ಈಗ ಬಹಳ ಕಾಲೇಜುಗಳಲ್ಲಿ ಇಷ್ಟಿಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಮಾರ್ಗದರ್ಶಕ ಅಧ್ಯಾಪಕರು ಎಂದು ಇರುತ್ತಾರೆ. ಅವರ ಹೆಸರು ಕೇಳಿಕೊಳ್ಳಿ. 'ನಮ್ಮ ಹುಡುಗ ಏನು ಓದ್ತಾನೆ' ಎಂದು ಕೇಳಲು ಸಂಕೋಚವಾದರೆ 'ನಮ್ಮ ಹುಡುಗ ಚೆನ್ನಾಗಿದ್ದಾನಾ' ಎಂದು ಕೇಳಿ. ಅದು ಇನ್ನೂ ಒಳ್ಳೆಯ ಪ್ರಶ್ನೆ.

ಕುಟುಂಬ ಎಂದಾಗ ತಂದೆತಾಯಿ ಮಾತ್ರ ಎಂದುಕೊಳ್ಳಬಾರದು. ಸರ್ ಎಂ. ವಿಶ್ವೇಶ್ವರಯ್ಯನವರು ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿದ್ದ ಸೋದರಮಾವನ ಆಸರೆ ಸಿಕ್ಕಿತು. ಮನೆಪಾಠ ಹೇಳಿ ಖರ್ಚು ನೀಗಿಸಿಕೊಂಡು 1881ರಲ್ಲಿ ಬಿ.ಎ. ಮುಗಿಸಿದರು. ಹಿಂದೆ ವಾರಾನ್ನ ಉಂಡು ಓದಿದ ಮಕ್ಕಳಿಗೆ ಏಳು ಮನೆಗಳು ಸೇರಿ ಒಂದು ಕುಟುಂಬ. ಸಿದ್ಧಗಂಗೆಯಂಥ ಮಠಗಳಲ್ಲಿ ಅನ್ನ, ಆಸರೆ ಪಡೆದು ಓದಿದವರು ನಮ್ಮ ನಡುವೆಯೇ ಎಷ್ಟೋ ಜನ ಇದ್ದಾರೆ. ಮನೆಯಲ್ಲಿ ಆಗದಿದ್ದಾಗ ಮಾವ, ಮಾವ ಇಲ್ಲದಿದ್ದಾಗ ಊರು. ನಮ್ಮಲ್ಲಿ ಇದು ಹೊಸದಲ್ಲ.

ಹಾಗಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಈ ಸಮಾರಂಭದ ನೆನಪಿಗೆ ಕಮಾನು ಕಟ್ಟಿಸೋಣ ಎಂದು ನಿನ್ನೆ ಮಾತು ಬಂತು. ಕಟ್ಟಿಸೋಣ, ಚೆನ್ನಾಗಿರುತ್ತದೆ. ಅದರ ಜೊತೆಗೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲಿನ ಎರಡು ಭಾನುವಾರ ಈ ಶಾಲೆಯ ಜಗಲಿಯಲ್ಲಿ ಒಂದು ಮೇಜು ಹಾಕಿಕೊಂಡು ಕೂರೋಣ. ಲ್ಯಾಪ್‌ಟಾಪ್ ಇರುವವರು ತನ್ನಿ. ಬ್ಯಾಂಕಿನಲ್ಲಿ ಇರುವವರು, ತಾಲ್ಲೂಕು ಕಚೇರಿಯಲ್ಲಿ ಇರುವವರು, ಮೇಷ್ಟ್ರುಗಳು ಬನ್ನಿ. ಮಕ್ಕಳ ಕಾಗದ ನೋಡೋಣ, ಅರ್ಜಿ ತುಂಬಿಸೋಣ, ಯಾವ ಕೋರ್ಸಿನಿಂದ ಏನಾಗುತ್ತದೆ ಎಂದು ತಂದೆತಾಯಿಗೆ ತಿಳಿಸಿ ಹೇಳೋಣ. ಇದಕ್ಕೆ ಚಂದಾ ಎತ್ತಬೇಕಾಗಿಲ್ಲ. ನಾನು ಬರುತ್ತೇನೆ, ನನ್ನ ಹೆಸರು ಮೊದಲು ಬರೆದುಕೊಳ್ಳಿ.

ಕೊನೆಯದಾಗಿ ಮಕ್ಕಳಿಗೆ ಒಂದು ಮಾತು. ಇಷ್ಟು ಹೊತ್ತು ಮನೆಯವರು ನಿಮಗೆ ಏನು ಮಾಡಬೇಕು ಎಂದು ಹೇಳಿದೆ. ನೀವು ಅವರಿಗೆ ಮಾಡಬೇಕಾದ್ದು ಒಂದೇ. ಅವರಿಂದ ಮುಚ್ಚಿಡಬೇಡಿ, ಅವರನ್ನೂ ಮುಚ್ಚಿಡಬೇಡಿ. ಎರಡನೆಯದನ್ನು ನಾನು ಮಾಡಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ.

ನನ್ನ ಅಣ್ಣ ಇದೇ ಶಾಲೆಯಲ್ಲಿ ನನಗಿಂತ ಎರಡು ವರ್ಷ ಮುಂದೆ ಓದಿದವನು. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ. ಮತ್ತೆ ಕಟ್ಟು ಎಂದು ಅಪ್ಪ ಅವನಿಗೂ ಹೇಳಿದ. 'ಇಬ್ಬರೂ ಓದಕ್ಕೆ ಹೋದ್ರೆ ಸೊಪ್ಪು ಕುಯ್ಯೋರು ಯಾರು, ಅವಳು ಓದ್ಲಿ' ಎಂದು ಅವನೇ ನಿಂತುಕೊಂಡ. ನಾನು ಮೈಸೂರಿನಲ್ಲಿ ಬಿ.ಎ. ಓದುವಾಗ ನಾಲ್ಕು ಜನ ಹುಡುಗಿಯರು ಊರಿನ ಪರಿಚಯದವರ ಮನೆಯ ಹಿಂದಿನ ಕೋಣೆಯಲ್ಲಿ ಸೀಮೆಎಣ್ಣೆ ಸ್ಟವ್ ಇಟ್ಟುಕೊಂಡು ಅಡುಗೆ ಮಾಡಿಕೊಳ್ಳುತ್ತಿದ್ದೆವು. ತಿಂಗಳಿಗೊಂದು ಸಲ ಅಣ್ಣ ಅಕ್ಕಿ, ರಾಗಿಹಿಟ್ಟು ಹೊತ್ತು ತರುತ್ತಿದ್ದ. ಒಂದು ಸಲ ಪರೀಕ್ಷೆ ಫೀಸಿಗೆ ಅದೇ ಕೊನೆಯ ದಿನ. ಅಣ್ಣ ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡು ಹಾಕಿ, ದುಡ್ಡು ಎಣಿಸಿಕೊಂಡು, ಅಲ್ಲಿಂದಲೇ ರೈಲು ಹತ್ತಿ ಕಾಲೇಜಿನ ಗೇಟಿಗೆ ಬಂದ. ಮಾಸಿದ ಪಂಚೆ, ಹೆಗಲ ಮೇಲೆ ಟವೆಲು, ಮೈಯೆಲ್ಲ ಗೂಡಿನ ವಾಸನೆ. ನನ್ನ ಜೊತೆ ಪೇಟೆಯ ಗೆಳತಿಯರಿದ್ದರು. ಯಾರೇ ಅದು ಎಂದು ಒಬ್ಬಳು ಕೇಳಿದಳು. ನಾನು 'ನಮ್ಮೂರಿನವರು, ಅಪ್ಪ ದುಡ್ಡು ಕಳಿಸಿದ್ದಾರೆ' ಎಂದೆ.

ಅಣ್ಣ ಎರಡು ಮಾರು ದೂರದಲ್ಲಿದ್ದ. ಕೇಳಿಸಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ದುಡ್ಡು ಕೊಟ್ಟು 'ಎಣಿಸ್ಕೊ' ಎಂದು ಹೇಳಿ ಹೊರಟುಹೋದ. ಮುಂದಿನ ತಿಂಗಳು ಎಂದಿನ ಹಾಗೆ ರಾಗಿಹಿಟ್ಟು ತಂದ. ಏನೂ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಈ ಸಂಪುಟದಲ್ಲಿ 'ಶಾಲೆಗೆ ಕೀರ್ತಿ ತಂದವರು' ಎಂದು ಒಂದು ಪಟ್ಟಿ ಹಾಕುತ್ತಾರಂತೆ. ಅದರಲ್ಲಿ ನನ್ನ ಹೆಸರಿದೆಯಂತೆ. ಸಂಪಾದಕರಲ್ಲಿ ನನ್ನ ವಿನಂತಿ, ಆ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಹಾಕಿ. ಇದೇ ಬೆಂಚಿನಲ್ಲಿ ಕೂತು ಓದಿ, ತಾವು ನಿಂತು, ತಮ್ಮನನ್ನೋ ತಂಗಿಯನ್ನೋ ಮುಂದಕ್ಕೆ ಕಳಿಸಿದವರ ಪಟ್ಟಿ. ಅದು ಮೊದಲನೆಯದಕ್ಕಿಂತ ಉದ್ದ ಆಗುತ್ತದೆ.

ಅಣ್ಣ ಇವತ್ತು ಇಲ್ಲಿ ಬಂದಿದ್ದಾನೆ. ಶಾಮಿಯಾನದ ಕಂಬದ ಹತ್ತಿರ, ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಕರೆದರೂ ಮುಂದೆ ಬರುವುದಿಲ್ಲ, ನನಗೆ ಗೊತ್ತು. ಅವತ್ತು ಗೇಟಿನ ಹತ್ತಿರ ಕೇಳಿದ ಪ್ರಶ್ನೆಗೆ ಊರಿನ ಎದುರಿಗೆ ಇವತ್ತು ಉತ್ತರ ಹೇಳುತ್ತೇನೆ. ಅವರು ನನ್ನ ಅಣ್ಣ. ನನ್ನನ್ನು ಓದಿಸಿದವರು.